ಗಿರಣಿ ಮೂಲ್ಯಾಗಿನ ಗವರ್ನರ್ ಸಾಹೇಬ್ರು

ನಾಲತವಾಡದ ಹಳೇ ಹಿಟ್ಟಿನ ಗಿರಣಿ. ಕರೆಂಟ್ ಮೋಟರ್ ಬಂದ ಮೇಲೆ ಡೀಸೆಲ್ ಎಂಜಿನ್ ಮೂಲೆ ಸೇರಿದೆ. ಮೈಮೇಲೆ ಬೆರಳುದಪ್ಪ ಜೋಳದ ಹಿಟ್ಟು. ಅದರೊಳಗಿನ ಗವರ್ನರ್ ಮಾತಿಗೆ ಸಿಕ್ಕರು.

ಗವರ್ನರ್ ಸಾಹೇಬ್ರ, ನಿಮ್ಮ ಬಂಗಲೆ ಬೆಂಗಳೂರಾಗ ಅಲ್ಲೇನ್ರಿ?

ಅವ್ರು ಬ್ಯಾರೆ ತಮ್ಮಾ. ಅವ್ರು ವಿಶ್ವವಿದ್ಯಾಲಯಗಳ ಕುಲಾಧಿಪತಿ. ನಾ ಎರಡು ಗುಂಡು, ಒಂದು ಸ್ಪ್ರಿಂಗು. ಎಂಜಿನ್ ಜೋರಾದ್ರ ಗುಂಡು ಅಗಲಾಗತಾವು, ಎಣ್ಣಿ ಕಡಿಮಿ ಮಾಡ್ತೀನಿ. ಜೋಳ ಹೆಚ್ಚು ಬಿದ್ದು ಕುಗ್ಗಿದ್ರ ಗುಂಡು ಒಳಗ ಬರತಾವು, ಎಣ್ಣಿ ಹೆಚ್ಚು. ಕಮಿಟಿ ಇಲ್ಲ, ಸುತ್ತೋಲೆ ಇಲ್ಲ.

ಇದನ್ನ ಎಂಜಿನಿಯರಿಂಗ್ ಕಾಲೇಜಿನಾಗ ಕಲಿಸ್ತಾರಲ್ರಿ, ಕಂಟ್ರೋಲ್ ಸಿಸ್ಟಮ್ಸ್ ಅಂತ?

ಕಲಿಸ್ತಾರ. ನಮ್ಮ ಹಿರ್ಯಾನ್ನ ಜೇಮ್ಸ್ ವಾಟ್ ಉಗಿ ಎಂಜಿನಿಗೆ ಕೂಡಿಸಿದ್ದು 1788ರಾಗ. ವಿಜ್ಞಾನಿ ಮ್ಯಾಕ್ಸ್‌ವೆಲ್ ನಮ್ಮ ಮ್ಯಾಲೆ ಲೆಕ್ಕ ಬರದದ್ದು 1868ರಾಗ. ಎಂಬತ್ತು ವರ್ಷ ದುಡದ ಮ್ಯಾಲೆ ಲೆಕ್ಕ! ಈಗ ಲೆಕ್ಕ ಮೊದಲು, ದುಡಿಮಿ ಬರೂದ ಇಲ್ಲ. ಮೊನ್ನೆ ಈ ಮನೀ ಹುಡುಗ ಸೆಮಿಲಾಗ್ ಹಾಳಿಮ್ಯಾಲೆ ಬೋಡೆ ಪ್ಲಾಟ್ ತೆಗೀತಿದ್ದ, ನನಗ ಬೆನ್ನು ಕೊಟ್ಟು ಕುಂತು. ಮುಚ್ಚಳ ತೆಗದು ನೋಡ್ಲಿಲ್ಲ.

ಕಲಿತ್ರ ಈ ಕಡೆ ಏನು ಕೆಲಸ ಐತಿ ಅಂತೀರಿ?

ಅಯ್ಯ, ನಾರಾಯಣಪುರ ಡ್ಯಾಂ ಮಗ್ಗಲದಾಗ ಐತಲ್ಲ! ಎಡದಂಡಿ ಕಾಲುವಿ ಆಧುನೀಕರಣ ಸುಮಾರು 4,700 ಕೋಟಿದು. 2023ರ ಜನವರಿ 19ಕ್ಕ ಪ್ರಧಾನಿ ಕೊಡೇಕಲ್ಲಿಗೆ ಬಂದು ಉದ್ಘಾಟನಾ ಮಾಡಿದ್ರು. 4.5 ಲಕ್ಷ ಹೆಕ್ಟೇರ್ ಹೊಲ. ಇಲ್ಲಿ ಗೇಟು ಎತ್ತಿದ್ರ ಕಟ್ಟಕಡೀ ಹೊಲಕ್ಕ ನೀರು ತಡಾ ಮಾಡೇ ಮುಟ್ಟತೈತಿ. ಅದನ್ನ ಎಣಿಸ್ದ ಗೇಟು ಏರಿಸಿ ಇಳಿಸಿದ್ರ ಒಬ್ಬನ ಹೊಲ ಕೆರಿ, ಇನ್ನೊಬ್ಬನದು ಬಣಬಣ.

ಸರಕಾರದ ಉನ್ನತ ಶಿಕ್ಷಣ ನೀತಿ?

ಅದೂ ಗೇಟ ಅಲ್ಲೇನು? 2021ರಾಗ ಬಿ.ಎ., ಬಿ.ಎಸ್ಸಿ. ನಾಲ್ಕು ವರ್ಷ ಅಂದ್ರು. 2023ರಾಗ ಹೊಸ ನೀತಿ ಬರಿಯಾಕ ಥೋರಟ್ ಆಯೋಗ ಕೂಡಿಸಿದ್ರು. 2024ರ ಮೇದಾಗ ಮತ್ತ ಮೂರು ವರ್ಷ. ಮೊದಲ್ನೇ ತಂಡ ನಾಲ್ಕನೇ ವರ್ಷ ಕಾಣೂಕಿಂತ ಮೊದ್ಲ ಗೇಟು ಇಳೀತು. ಆಯೋಗದ ಪೂರ್ತಿ ವರದಿ ಬಂದದ್ದು 2025ರ ಆಗಸ್ಟ್‌ನಾಗ! ಮೊದಲ್ನೇದು ಛಲೋ ಇತ್ತು ಅಂತ ನಾ ಹೇಳೂದಿಲ್ಲ. ಫಲ ನೋಡಿದವ್ರು ಯಾರು, ಅಷ್ಟ ಕೇಳ್ತೀನಿ. ನನಗ ಜಿಡ್ಡು ಹಿಡದಾಗ ಎಂಜಿನ್ ಹಿಂಗ ಒಮ್ಮೆ ಒದರತಿತ್ತು, ಒಮ್ಮೆ ಉಸ್ ಅಂತಿತ್ತು. ಮೇಸ್ತ್ರಿ ಬೈದು, ಸೀಮೆಎಣ್ಣಿ ಹಾಕಿ ತಿಕ್ಕಿ ತೊಳೀತಿದ್ದ.

ಏನರ ಬೇಡಿಕೆ ಐತೇನ್ರಿ?

ಬೆಳಗಾವಿ ವಿ.ಟಿ.ಯು.ದಾಗ ಸಿಲಬಸ್ ಬರಿಯೋ ಮಾಸ್ತರಿಗೆ ಹೇಳು: ಒಂದು ಹಳೇ ಎಂಜಿನ್ ಲ್ಯಾಬಿಗೆ ಒಯ್ದು, ಸ್ಪ್ರಿಂಗ್ ಬಿಚ್ಚಿ ಹುಡುಗ್ರ ಕೈಯಾಗ ಕೊಡ್ರಿ ಅಂತ. ಲಗೂ ಹೇಳಪಾ. ಸೋಮವಾರ ಗುಜರಿಯವ ಬರಾಂವ ಅದಾನ.