ಮಂದ್ರರಸಿಕನ ಲಕ್ಷಣಗಳು

ಸಂಗೀತ ಕೇಳುವವರಲ್ಲಿ ರಾಗಕ್ಕೆ ತಲೆದೂಗುವವರು, ತಾಳಕ್ಕೆ ತೊಡೆ ತಟ್ಟುವವರು, ಸಾಹಿತ್ಯಕ್ಕೆ ಕಣ್ಣೊರೆಸಿಕೊಳ್ಳುವವರು ಮತ್ತು ಕಛೇರಿ ಮುಗಿದ ಮೇಲಿನ ಉಪ್ಪಿಟ್ಟಿಗಾಗಿ ಕಾಯುವವರು ಎಂಬ ನಾಲ್ಕು ವರ್ಗಗಳು ಬಹುಕಾಲದಿಂದ ಪ್ರಸಿದ್ಧವಾಗಿವೆ. ಇವುಗಳ ಜೊತೆಗೆ ಐದನೆಯದೊಂದು ವರ್ಗ ಇತ್ತೀಚಿನ ದಶಕಗಳಲ್ಲಿ ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳಂಥ ಊರುಗಳಲ್ಲಿಯೂ ತಲೆಯೆತ್ತಿದೆ. ಈ ವರ್ಗದವನಿಗೆ ರಾಗ, ತಾಳ, ಸಾಹಿತ್ಯಗಳೆಲ್ಲ ಸಂಗೀತದ ಮೇಲಂತಸ್ತುಗಳು ಮಾತ್ರ. ಅವನ ಆಸಕ್ತಿಯೆಲ್ಲ ತಳಪಾಯದಲ್ಲಿ, ಎಂದರೆ ಕಿವಿಗಿಂತ ಹೆಚ್ಚಾಗಿ ಎದೆಗೆ, ಹೊಟ್ಟೆಗೆ ಮತ್ತು ನೆರೆಮನೆಯ ಗೋಡೆಗೆ ತಾಗುವ ಅತಿಮಂದ್ರ ನಾದದಲ್ಲಿ. ಅನುಕೂಲಕ್ಕಾಗಿ ಇಲ್ಲಿ ಅವನನ್ನು ಮಂದ್ರರಸಿಕ ಎಂದು ಕರೆಯಲಾಗಿದೆ.

ಮಂದ್ರರಸಿಕ ಸಾಮಾನ್ಯವಾಗಿ ಕಾಲೇಜಿನ ಉಪನ್ಯಾಸಕ ವೃತ್ತಿಯಿಂದಲೋ ಬ್ಯಾಂಕಿನಿಂದಲೋ ರೈಲ್ವೆಯಿಂದಲೋ ನಿವೃತ್ತನಾದವನು. ಮಗಳ ಮದುವೆ ಮುಗಿದು, ಮನೆಸಾಲ ತೀರಿ, ಗ್ರಾಚ್ಯುಯಿಟಿಯ ಹಣ ಕೈಗೆ ಬಂದು, ಸಕ್ಕರೆ ಕಾಯಿಲೆ ಹತೋಟಿಯಲ್ಲಿರುವ ಆ ಅಲ್ಪಕಾಲದ ನೆಮ್ಮದಿಯಲ್ಲಿಯೇ ಈ ಲಕ್ಷಣಗಳು ಉಲ್ಬಣಿಸುತ್ತವೆ. ಜರ್ಮನಿಯಲ್ಲಿ ಕೆಲಸದಲ್ಲಿರುವ ಮಗ ತಂದೆತಾಯಿಗಳನ್ನು ಕರೆಸಿಕೊಂಡು ಬವೇರಿಯಾದ ಪಾಸೌ ನಗರದ ಕೆಥೀಡ್ರಲ್ಲಿಗೆ ಕರೆದೊಯ್ದಾಗ, ತಾಯಿ ಅಲ್ಲಿನ ಚಳಿಗೆ ಶಾಲು ಹೊದ್ದು ಕುಳಿತಿದ್ದರೆ, ತಂದೆಯ ಪಕ್ಕೆಲುಬುಗಳ ಮೂಲಕ 17 ಸಾವಿರಕ್ಕೂ ಹೆಚ್ಚು ಕೊಳವೆಗಳ ಪೈಪ್ ಆರ್ಗನ್ನಿನ ನಾದ ಹಾದುಹೋಗುತ್ತದೆ. ಊರಿಗೆ ಮರಳಿದವನು ಅಂದಿನಿಂದ ಮೊದಲಿನ ಮನುಷ್ಯನಾಗಿ ಉಳಿಯುವುದಿಲ್ಲ.

ಪೈಪ್ ಆರ್ಗನ್ ಎಂಬುದು ಗಾಳಿವಾದ್ಯ. ತಿದಿಯಿಂದ ಒತ್ತಡದಲ್ಲಿ ಬಂದ ಗಾಳಿ, ವಾದಕ ಒತ್ತಿದ ಮನೆಗೆ ಸೇರಿದ ಲೋಹದ ಅಥವಾ ಮರದ ಕೊಳವೆಯನ್ನು ಹೊಕ್ಕು ಅದನ್ನು ನುಡಿಸುತ್ತದೆ. ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಮ್ಮಿನಲ್ಲಿ ಕಾಲಿಗೆ ತಿದಿ ಒತ್ತುವ ಕೂಲಿ ಮಾತ್ರ ಇದ್ದರೆ, ಆರ್ಗನ್ನಿನಲ್ಲಿ ಕಾಲಿಗೇ ಪ್ರತ್ಯೇಕ ಸ್ವರಪಟ್ಟಿಕೆ ಇದ್ದು, ಅತಿ ಕೆಳಗಿನ ಸ್ವರಗಳನ್ನು ಪಾದಗಳೇ ನುಡಿಸುತ್ತವೆ. ಕೊಳವೆ ಉದ್ದವಾದಷ್ಟೂ ಸ್ವರ ಇಳಿಯುತ್ತದೆ: 8 ಅಡಿಯ ತೆರೆದ ಕೊಳವೆ ಸೆಕೆಂಡಿಗೆ ಸುಮಾರು 65 ಬಾರಿ, 16 ಅಡಿಯದು ಸುಮಾರು 33 ಬಾರಿ, 32 ಅಡಿಯದು ಸುಮಾರು 16 ಬಾರಿ ಕಂಪಿಸುತ್ತದೆ. ಸೆಕೆಂಡಿಗೆ ಒಂದು ಕಂಪನವನ್ನು ಒಂದು ಹರ್ಟ್ಸ್ ಎನ್ನುತ್ತಾರೆ. ಮನುಷ್ಯನ ಕಿವಿಯ ಕೆಳಮಿತಿ ಸುಮಾರು 20 ಹರ್ಟ್ಸ್ ಆದ್ದರಿಂದ, 32 ಅಡಿಯ ಕೊಳವೆಯ ತಳಸ್ವರ ಕೇಳಿಸುವುದಕ್ಕಿಂತ ಹೆಚ್ಚಾಗಿ ಮೈಗೆ ತಿಳಿಯುತ್ತದೆ. ಅಷ್ಟಕ್ಕೇ ತೃಪ್ತಿಪಡಬಹುದಾಗಿದ್ದ ಮಂದ್ರರಸಿಕನಿಗೆ, 1890ರಲ್ಲಿ ಪೂರ್ಣಗೊಂಡ ಸಿಡ್ನಿ ಟೌನ್ ಹಾಲ್ ಆರ್ಗನ್ನಿನಲ್ಲಿ 64 ಅಡಿಯ ಶ್ರೇಣಿಯೂ ಇದ್ದು ಅದರ ತಳಸ್ವರ 8 ಹರ್ಟ್ಸಿಗೆ ಇಳಿಯುತ್ತದೆಂಬ ಸಂಗತಿ ತಿಳಿದ ರಾತ್ರಿಯಿಂದ ನಿದ್ರೆ ಹತ್ತುವುದಿಲ್ಲ.

ಪಾಸೌ ಕೆಥೀಡ್ರಲ್ಲನ್ನು ಹಾಸನ ಜಿಲ್ಲೆಗೆ ತರುವುದು ಅಸಾಧ್ಯವಾದ್ದರಿಂದ ಅವನ ಗಮನ ಸಬ್‌ವೂಫರಿನ ಕಡೆ ತಿರುಗುತ್ತದೆ. ಸಾಮಾನ್ಯ ಸ್ಪೀಕರುಗಳು ಹೇಳಲಾರದ ತಗ್ಗುಸ್ವರಗಳಿಗಾಗಿಯೇ ಮೀಸಲಾದ, ದೊಡ್ಡ ಶಂಕುವೂ ಸ್ವಂತ ಆಂಪ್ಲಿಫೈಯರೂ ಉಳ್ಳ ಪೆಟ್ಟಿಗೆಯೇ ಸಬ್‌ವೂಫರ್. ಇದರಲ್ಲಿ ಎರಡು ಮುಖ್ಯ ಭೇದಗಳಿವೆ. ಎಲ್ಲ ಕಡೆಯೂ ಮುಚ್ಚಿದ ಪೆಟ್ಟಿಗೆಯಲ್ಲಿ ಸ್ವರ ಇಳಿದಂತೆ ದನಿ ನಿಧಾನವಾಗಿ ಕುಗ್ಗುತ್ತದೆ. ಪೋರ್ಟ್ ಎಂಬ ತೂತುಳ್ಳ ಪೆಟ್ಟಿಗೆ ತನಗೆ ಗೊತ್ತುಮಾಡಿದ ಒಂದು ಸ್ವರದವರೆಗೆ ಹೆಚ್ಚು ಜೋರಾಗಿ ನುಡಿದು, ಅದರ ಕೆಳಗೆ ದಿಢೀರನೆ ಕೈಬಿಡುತ್ತದೆ. ಇದಕ್ಕಿಂತ ಕಠಿಣವಾದ ನಿಯಮ ಇನ್ನೊಂದಿದೆ: ಒಂದು ಸ್ಥಾಯಿ ಕೆಳಗಿನ ಸ್ವರವನ್ನು ಅಷ್ಟೇ ಬಲದಿಂದ ಹೊರಡಿಸಬೇಕಾದರೆ ಶಂಕು ನಾಲ್ಕು ಪಟ್ಟು ದೂರ ಹಿಂದುಮುಂದಾಗಬೇಕು. ಆದ್ದರಿಂದ 32 ಹರ್ಟ್ಸಿನಲ್ಲಿ ಗಂಭೀರವಾಗಿ ನುಡಿಯುವ ಪೆಟ್ಟಿಗೆ 16 ಹರ್ಟ್ಸಿಗೆ ಬಂದಾಗ ಏದುಸಿರು ಬಿಡುವುದು ಅದರ ದೋಷವಲ್ಲ, ಲೆಕ್ಕಾಚಾರದ ಫಲ. ಈ ನಿಯಮವನ್ನು ಮಂದ್ರರಸಿಕ ಬಾಯಿಪಾಠ ಮಾಡಿರುತ್ತಾನೆ. ಆದರೆ ಅದು ತಾನು ಕೊಳ್ಳುವ ಪೆಟ್ಟಿಗೆಗೂ ಅನ್ವಯಿಸುತ್ತದೆಂದು ಒಪ್ಪುವುದಿಲ್ಲ.

ಹಳ್ಳಿಗಾಡಿನವನಿಗೇಕೆ ಈ ಪಾಶ್ಚಾತ್ಯ ಹುಚ್ಚು ಎಂದು ಯಾರಾದರೂ ಕೇಳಿದರೆ ಅವನು ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರನ್ನು (1919–1974) ಸಾಕ್ಷಿಗೆ ಕರೆಯುತ್ತಾನೆ. ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು, 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು, ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬರಲು ನೆರವಾದವರು ನಮ್ಮ ದೊರೆಗಳೇ ಅಲ್ಲವೇ ಎಂಬುದು ಅವನ ವಾದ. ಸಂಗತಿಗಳು ನಿಜ. ಆದರೆ ಅರಮನೆಯ ಕೋಣೆಗೂ ಅರಸೀಕೆರೆಯ ಬಡಾವಣೆಯ ಹಾಲಿಗೂ ಇರುವ ಅಳತೆಯ ಅಂತರವನ್ನು ಈ ವಾದ ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಊರಿನ ಪ್ರಕಾರ ಮಂದ್ರರಸಿಕನಲ್ಲಿ ಮೂರು ಉಪಭೇದಗಳನ್ನು ಗುರುತಿಸಬಹುದು. ಅರಸೀಕೆರೆಯವನು ಸ್ಪರ್ಧಾಳು. ಬೆಂಗಳೂರು, ಹುಬ್ಬಳ್ಳಿ, ಹಾಸನಗಳ ಹಳಿಗಳು ಕೂಡುವ ಜಂಕ್ಷನ್ನಿನ ಪಕ್ಕದಲ್ಲಿ ಬೆಳೆದ ಅವನಿಗೆ ನಡುರಾತ್ರಿಯ ಗೂಡ್ಸ್ ಗಾಡಿಯೇ ಮಾನದಂಡ. ಗಾಡಿ ಹಾದುಹೋಗುವಾಗ ಕಿಟಕಿಯ ಸರಳು ನಡುಗಿದಷ್ಟಾದರೂ ತನ್ನ ಪೆಟ್ಟಿಗೆ ನಡುಗಿಸದಿದ್ದರೆ ಕೊಟ್ಟ ಹಣ ವ್ಯರ್ಥವೆಂದು ಅವನು ಭಾವಿಸುತ್ತಾನೆ. ಬೇಲೂರಿನವನು ಪರಂಪರಾವಾದಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ಗೋಡೆಯಲ್ಲಿ ಚರ್ಮವಾದ್ಯ ನುಡಿಸುತ್ತಿರುವ ಶಿಲ್ಪಗಳನ್ನು ತೋರಿಸಿ, ಮಂದ್ರದ ಮಹತ್ವವನ್ನು ಹೊಯ್ಸಳರು ಯುರೋಪಿಗಿಂತ ಮೊದಲೇ ಬಲ್ಲವರಾಗಿದ್ದರೆಂದು ಪ್ರವಾಸಿಗರಿಗೆ ವಿವರಿಸುತ್ತಾನೆ. ಪೆಟ್ಟಿಗೆ ಕೊಳ್ಳುವಾಗ ಮಾತ್ರ ಒಳಗಿನ ಶಂಕುವಿಗಿಂತ ಹೊರಗಿನ ಪಾಲಿಷ್ ಹೆಚ್ಚು ನೋಡುತ್ತಾನೆ.

ಅಲ್ಲಿಂದ ಸುಮಾರು 16 ಕಿ.ಮೀ. ದೂರದ ಹಳೇಬೀಡಿನವನು ಸ್ವಾವಲಂಬಿ. ಅಂಗಡಿಯ ಪೆಟ್ಟಿಗೆಗಳೆಲ್ಲ ಮೋಸವೆಂದು ನಂಬಿದ ಅವನು ಬಿಡಿ ಶಂಕು ತರಿಸಿ, ಎಂಡಿಎಫ್ ಹಲಗೆ ಕೊಯ್ಯಿಸಿ, ಊರಿನ ಬಡಗಿಯನ್ನು ಕೂರಿಸಿಕೊಂಡು ತಾನೇ ಕಟ್ಟಿಸಲು ತೊಡಗುತ್ತಾನೆ. ಎಲ್ಲ ಕಡೆ ಗಾಳಿಯಾಡದಂತೆ ಮುಚ್ಚಬೇಕಾದ ಪೆಟ್ಟಿಗೆಯ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದ ಬಡಗಿ “ಸಾರ್, ಬೀರು ಏನೋ ಚೆನ್ನಾಗೈತೆ, ಬಾಗ್ಲು ಎಲ್ಲಿ ಮಡಗ್ಲಿ?” ಎಂದು ಕೇಳುತ್ತಾನೆ. ಬಾಗಿಲಿಲ್ಲವೆಂದು ಮನವರಿಕೆ ಮಾಡಿಕೊಡುವುದರಲ್ಲಿ ಒಂದು ವಾರವೂ, ಹಲಗೆಯ ದಪ್ಪದ ಚರ್ಚೆಯಲ್ಲಿ ಒಂದು ಮಳೆಗಾಲವೂ ಕಳೆಯುತ್ತದೆ. 1121ರ ಸುಮಾರಿಗೆ ಆರಂಭವಾದ ಹೊಯ್ಸಳೇಶ್ವರನ ಗುಡಿಗೆ ಇಂದಿಗೂ ಶಿಖರವಿಲ್ಲದಿರುವುದನ್ನು ಹೆಂಡತಿಗೆ ನೆನಪಿಸಿ, ದೊಡ್ಡ ಕೆಲಸಗಳಿಗೆ ಗಡುವು ಹಾಕಬಾರದೆಂದು ಅವನು ವಾದಿಸುತ್ತಾನೆ. ಅಷ್ಟರಲ್ಲಿ ಆ ಪೆಟ್ಟಿಗೆಯ ಮೇಲೆ ಇಸ್ತ್ರಿ ಮಾಡಬೇಕಾದ ಬಟ್ಟೆಗಳು ಸೇರಿರುತ್ತವೆ.

ಉಳಿದಿಬ್ಬರು ಖರೀದಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುತ್ತಾರೆ. ಅಲ್ಲಿ ಅವರನ್ನು ಎದುರುಗೊಳ್ಳುವ ಮೊದಲ ಮಾಯೆ ಪಿಎಂಪಿಓ ಎಂಬ ನಾಲ್ಕಕ್ಷರ. ಆಂಪ್ಲಿಫೈಯರ್ ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು ಬಿಟ್ಟು, ಕ್ಷಣಮಾತ್ರ ತೋರಬಹುದಾದ ಕಾಲ್ಪನಿಕ ಗರಿಷ್ಠವನ್ನು ವ್ಯಾಟುಗಳಲ್ಲಿ ಹೇಳುವ ಈ ಪದ್ಧತಿಯಿಂದಾಗಿ, ಒಂದು ಫ್ಯಾನಿನಷ್ಟು ವಿದ್ಯುತ್ತನ್ನೂ ಎಳೆಯದ ಪೆಟ್ಟಿಗೆಯ ರಟ್ಟಿನ ಮೇಲೆ ಸಾವಿರಾರು ವ್ಯಾಟುಗಳು ಮೆರೆಯುತ್ತವೆ. ಅಂಗಡಿಯ ಹುಡುಗ ಪರೀಕ್ಷೆಗಾಗಿ ಹಾಕುವುದು ಸಿನಿಮಾದ ಸ್ಫೋಟವನ್ನು ಅಥವಾ ಗಣಪತಿ ಮೆರವಣಿಗೆಯ ಡಿಜೆ ಹಾಡನ್ನು. ಈ ಎರಡೂ ಕ್ಷಣಾರ್ಧದ ಹೊಡೆತಗಳು. ಆರ್ಗನ್ನಿನ ಮಂದ್ರವೋ ವಾದಕ ಕಾಲೆತ್ತುವವರೆಗೆ ಒಂದೇ ಸಮನೆ ನಿಲ್ಲುವ ನಾದ. ಸ್ಫೋಟದಲ್ಲಿ ಮುಚ್ಚಿಹೋಗುವ ಪೆಟ್ಟಿಗೆಯ ಗೊಣಗು, ಪೋರ್ಟಿನ ಗಾಳಿಸದ್ದು, ಸುರುಳಿಯ ಬಿಸಿ ಎಲ್ಲವೂ ನಿಂತ ನಾದದಲ್ಲಿ ಬಯಲಾಗುತ್ತವೆ. ಆದ್ದರಿಂದ ಆರ್ಗನ್ನಿಗೆ ಪೆಟ್ಟಿಗೆ ಆರಿಸುವವನು ಅದು ಎಷ್ಟು ಜೋರಾಗಿ ಗುದ್ದುತ್ತದೆಂದು ನೋಡದೆ, ಎಷ್ಟು ಹೊತ್ತು ಶುದ್ಧವಾಗಿ ನಿಲ್ಲುತ್ತದೆಂದು ನೋಡಬೇಕು. ಮಂದ್ರರಸಿಕ ಇದನ್ನು ಅಂಗಡಿಯವನಿಗೆ ಅರ್ಧಗಂಟೆ ಬೋಧಿಸಿ, ಬಳಿಕ ಅತಿ ಹೆಚ್ಚು ವ್ಯಾಟ್ ಬರೆದ ಪೆಟ್ಟಿಗೆಯನ್ನೇ ಕೊಂಡು, ಕೂಲಿಯವನ ಬೈಗುಳದ ನಡುವೆ ಅದನ್ನು ರೈಲು ಹತ್ತಿಸುತ್ತಾನೆ.

ಅವನ ನಿಜವಾದ ಪರೀಕ್ಷೆ ಮನೆಯಲ್ಲಿ ಆರಂಭವಾಗುತ್ತದೆ. 16 ಹರ್ಟ್ಸಿನ ಒಂದು ಅಲೆಯ ಉದ್ದ ಸುಮಾರು 70 ಅಡಿ; ಅವನ 30 × 40 ನಿವೇಶನದ ಉದ್ದವೇ 40 ಅಡಿ; ಕಾಗದದ ಮೇಲೆ ಅಳೆದರೆ ಹಾಲಿನಲ್ಲಿ ಹುಟ್ಟಿದ ಅಲೆ ಮುಗಿಯುವುದು ಹಿಂದಿನ ಮನೆಯವರ ಬಚ್ಚಲಿನಲ್ಲಿ. ಇದಕ್ಕಿಂತ ಕ್ರೂರವಾದದ್ದು ಕೋಣೆಯ ಅನುರಣನ, ಎಂದರೆ ಎದುರುಬದುರು ಗೋಡೆಗಳ ನಡುವೆ ಕೆಲವೇ ಸ್ವರಗಳು ಸಿಕ್ಕಿಕೊಂಡು ಹಿಗ್ಗುವ ವಿದ್ಯಮಾನ. 14 ಅಡಿ ಉದ್ದದ ಹಾಲಿನಲ್ಲಿ ಇಂಥ ಮೊದಲ ಸ್ವರ ಸುಮಾರು 40 ಹರ್ಟ್ಸ್. ಆ ಸ್ವರದ ಒತ್ತಡ ಗೋಡೆಗಳ ಬಳಿ ಗರಿಷ್ಠವಾಗಿದ್ದು, ನಟ್ಟನಡುವೆ ಬಹುಮಟ್ಟಿಗೆ ಶೂನ್ಯವಾಗಿರುತ್ತದೆ. ಯಜಮಾನಿಕೆಯ ಕುರ್ಚಿ ಇರುವುದು ನಟ್ಟನಡುವೆಯೇ. ಹೀಗಾಗಿ ಲಕ್ಷಾಂತರ ರೂಪಾಯಿಯ ಆ ನಾದ ಕಣ್ಣುಮುಚ್ಚಿ ಕುಳಿತ ರಸಿಕನಿಗೆ ಕೇಳಿಸದೆ, ಗೋಡೆಗೆ ಒರಗಿ ನೆನೆಸಿದ ಅವರೆಕಾಳನ್ನು ಹಿತುಕುತ್ತಿರುವ ಅವನ ವೃದ್ಧ ತಾಯಿಗೆ ಸಂಪೂರ್ಣವಾಗಿ ಕೇಳಿಸುತ್ತದೆ. “ಬಾಗ್ಲಲ್ಲಿ ಯಾವ್ದೋ ಲಾರಿ ಬಂದು ನಿಂತೈತೆ ಕಣಪ್ಪ, ಆಫ್ ಮಾಡ್ಕೊಳೋಕೆ ಹೇಳು” ಎಂಬುದು ಆ ತಾಯಿಯ ವಿಮರ್ಶೆ. ಜರ್ಮನ್ ಸಂಯೋಜಕ ಬಾಖ್‌ನ ಡಿ ಮೈನರ್ ಆರ್ಗನ್ ಟೊಕ್ಕಾಟದ ಮೇಲೆ ಆ ಮನೆಯಲ್ಲಿ ಬಂದ ಮೊದಲ ಅಭಿಪ್ರಾಯ ಅದು. ಎರಡನೆಯದು ಅಡುಗೆಮನೆಯಿಂದ ಬರುತ್ತದೆ: “ರೀ, ಷೋಕೇಸಿನ ಗಾಜು ಕಟಕಟ ಅಂತಿದೆ, ಚನ್ನಪಟ್ಟಣದ ಗೊಂಬೆ ಅಂಚಿಗೆ ಬಂದು ನಿಂತಿದೆ. ಬಿದ್ದು ಒಡೆದ್ರೆ ನನ್ನ ಕೇಳ್ಬೇಡಿ.”

ದೋಷಪರಿಹಾರಕ್ಕಾಗಿ ಪಾಶ್ಚಾತ್ಯ ತಜ್ಞರು ಹೇಳುವ ವಿಧಾನವೊಂದಿದೆ. ಸಬ್‌ವೂಫರನ್ನೇ ಕುರ್ಚಿಯ ಮೇಲೆ ಕೂರಿಸಿ, ಅದು ನುಡಿಯುತ್ತಿರುವಾಗ ಕೇಳುಗ ಗೋಡೆಯುದ್ದಕ್ಕೂ ಅಂಬೆಗಾಲಿಕ್ಕಿ, ಯಾವ ಜಾಗದಲ್ಲಿ ಮಂದ್ರಸ್ವರಗಳೆಲ್ಲ ಸಮನಾಗಿ ಕೇಳಿಸುತ್ತವೆಯೋ ಅಲ್ಲಿ ಕೊನೆಗೆ ಪೆಟ್ಟಿಗೆಯನ್ನು ಇಡಬೇಕು. ಧ್ವನಿಯ ಮೂಲವನ್ನೂ ಕೇಳುವ ಸ್ಥಾನವನ್ನೂ ಅದಲುಬದಲು ಮಾಡಿದರೂ ಫಲ ಒಂದೇ ಎಂಬ ನಿಯಮವೇ ಇದಕ್ಕೆ ಆಧಾರ. ವಿಧಾನ ಶಾಸ್ತ್ರೀಯವಾಗಿ ನಿರ್ದುಷ್ಟವಾದದ್ದು. ಆದರೆ ಅರವತ್ತು ದಾಟಿದ ಮನೆಯ ಯಜಮಾನ ಪಂಚೆ ಎತ್ತಿಕಟ್ಟಿ, ಮಂಡಿಯೂರಿ, ಕಿವಿಯನ್ನು ನೆಲದ ಸಮೀಪಕ್ಕಿಟ್ಟು ದಿವಾನದಿಂದ ದೇವರಮನೆಯವರೆಗೆ ಸಾಗುವ ದೃಶ್ಯಕ್ಕೆ ಕುಟುಂಬ ಸಿದ್ಧವಾಗಿರುವುದಿಲ್ಲ. “ಏನ್ ಬೀಳಿಸ್ಕೊಂಡ್ಯೋ ಮಗಾ?” ಎಂದು ತಾಯಿ ಕೂಡಾ ಹುಡುಕಲು ಏಳುತ್ತಾರೆ. ಹಾಲು ಕೊಡಲು ಬಂದವನು ಬಾಗಿಲಲ್ಲಿ ಒಂದು ಕ್ಷಣ ನಿಂತು, ಪಾತ್ರೆ ಇಟ್ಟು, ಮಾತಿಲ್ಲದೆ ಹೊರಡುತ್ತಾನೆ. ಸಂಶೋಧನೆಯ ಫಲಿತಾಂಶ ಬಹುತೇಕ ಎಲ್ಲ ಮನೆಗಳಲ್ಲೂ ಒಂದೇ: ಪೆಟ್ಟಿಗೆಗೆ ಅತ್ಯುತ್ತಮವಾದ ಸ್ಥಳ ಅಕ್ಕಿಮೂಟೆ ಇರುವಲ್ಲಿಯೇ ಇರುತ್ತದೆ, ಅಕ್ಕಿಮೂಟೆ ಅಲ್ಲಿಂದ ಕದಲುವುದಿಲ್ಲ.

ಇಷ್ಟಾದರೂ ಮಂದ್ರರಸಿಕ ದುಃಖಿಯಲ್ಲವೆಂಬುದನ್ನು ಗಮನಿಸಬೇಕು. ಅವನು ಯಾವ ಕೃತಿಯನ್ನೂ ಕೊನೆಯವರೆಗೆ ಕೇಳಿದವನಲ್ಲ. ಸ್ಟ್ರಾಸ್‌ನ ‘ಜರಾತುಷ್ಟ್ರ’ದ ಆರಂಭದಲ್ಲಿ ಆರ್ಗನ್ ಹಿಡಿಯುವ ತಳಸ್ವರವನ್ನು ಬಂದ ನೆಂಟರಿಗೆಲ್ಲ ಕೇಳಿಸಿ, ಕಹಳೆಗಳು ಸೂರ್ಯೋದಯವನ್ನು ಸಾರುವ ಹೊತ್ತಿಗೆ ನಿಲ್ಲಿಸಿ, “ಗೊತ್ತಾಯ್ತಾ?” ಎಂದು ಕೇಳುತ್ತಾನೆ, ಕಾಫಿ ಇನ್ನೂ ಬರದಿರುವುದರಿಂದ ನೆಂಟರು ಗೊತ್ತಾಯಿತೆಂದು ತಲೆಯಾಡಿಸುತ್ತಾರೆ. ಅವರಿಗೆ ಕೇಳಿಸಿದ್ದು ಬಹುಶಃ 16 ಹರ್ಟ್ಸಲ್ಲ. ಆಯಾಸಗೊಂಡ ಪೆಟ್ಟಿಗೆ ಮೂಲಸ್ವರದ ಬದಲು ಹೊರಡಿಸಿದ ಅದರ ಎರಡು ಪಟ್ಟು, ಮೂರು ಪಟ್ಟು ಸ್ವರಗಳು. ಆದರೆ ಅವನ ಆನಂದ ನಾದದಲ್ಲಿಲ್ಲ, ಆಯ್ಕೆಯಲ್ಲಿದೆ. ಇರುವ ಪೆಟ್ಟಿಗೆಗೂ ಮುಂದೆ ಕೊಳ್ಳಬೇಕಾದ ಪೆಟ್ಟಿಗೆಗೂ ನಡುವಿನ ಅಂತರದಲ್ಲಿಯೇ ಅವನ ಸಂಗೀತ ನಡೆಯುತ್ತಿರುತ್ತದೆ.

ಈ ಲಕ್ಷಣಗಳು ಮನೆಯಲ್ಲಿ ಯಾರಲ್ಲಾದರೂ ಕಂಡುಬಂದರೆ ಓದುಗರು ಗಾಬರಿಯಾಗಬೇಕಿಲ್ಲ. ಬಾಖ್‌ನ ಆರ್ಗನ್ ಕೃತಿಗಳ ಬಹುಭಾಗ 16 ಅಡಿಯ ಕೊಳವೆಯೊಳಗೆ, ಎಂದರೆ ಸುಮಾರು 33 ಹರ್ಟ್ಸಿನ ಮೇಲೆಯೇ ಸಾಗುವುದರಿಂದ, 12 × 14 ಅಡಿಯ ಹಾಲಿಗೆ 30 ಹರ್ಟ್ಸಿನವರೆಗೆ ಶುದ್ಧವಾಗಿ ನುಡಿಯುವ, 12 ಅಂಗುಲದ ಶಂಕುವಿನ, ಮುಚ್ಚಿದ ಪೆಟ್ಟಿಗೆಯೊಂದು ಧಾರಾಳವಾಗಿ ಸಾಲುತ್ತದೆ. ಅದರ ದನಿಯನ್ನು ಎಷ್ಟು ತಗ್ಗಿಸಬೇಕೆಂದರೆ, ನುಡಿಯುವಾಗ ಅದು ಇದೆಯೆಂದು ತಿಳಿಯದೆ, ನಿಲ್ಲಿಸಿದಾಗ ಮಾತ್ರ ಏನೋ ಹೋಯಿತೆಂದು ತಿಳಿಯಬೇಕು. 32 ಅಡಿಯ ಆಸೆ ಬಿಡದವರು ಜರ್ಮನಿಯ ಮಗನಿಗೆ ಇನ್ನೊಮ್ಮೆ ಪತ್ರ ಬರೆಯುವುದು, ಕೊಳವೆಯ ನಿಜದನಿಯನ್ನು ಹತ್ತಿರದಲ್ಲಿ ಕೇಳಬಯಸುವವರು ಪೈಪ್ ಆರ್ಗನ್ ಇರುವ ಬೆಂಗಳೂರಿನ ಚರ್ಚೊಂದಕ್ಕೆ ಹೋಗಿ ಬರುವುದು ಅಗ್ಗದ ದಾರಿ. ಅದಕ್ಕೂ ಮೊದಲು, ಹೊಸ ಪೆಟ್ಟಿಗೆಗೆ ಖರ್ಚು ಮಾಡುವ ಮುನ್ನ, ಹಾಲಿನ ನಡುವಿನ ಕುರ್ಚಿಯನ್ನು ತಾಯಿ ಕುಳಿತಿರುವ ಗೋಡೆಯ ಕಡೆಗೆ ಮೂರಡಿ ಸರಿಸಿ ನೋಡಿರಿ.