ಕಾಫಿ ಕುಡಿಯದ ಪಾದ್ರಿಗಳು

ಅಲ್ಲ ಮೇಷ್ಟ್ರೇ, ಹೊಗೆಸೊಪ್ಪಿನ ರೇಟು ರಾಮನಾಥಪುರದ ಹರಾಜಿನಲ್ಲಿ ತೀರ್ಮಾನವಾಗುವಂಥದ್ದು. ನಾವಿಬ್ಬರೂ ಕೊಣನೂರಿನಲ್ಲಿ ಬೇಲಿ ಹಿಡಿದು ನಿಂತು ಎಷ್ಟು ಬೈದರೂ ಕಿಲೋಗೆ ಹತ್ತು ಪೈಸೆ ಏರಲ್ಲ. ಅದು ಬಿಡಿ. ಅಮೆರಿಕದಲ್ಲಿರೋ ನಿಮ್ಮ ಮಗಳ ನೆರೆಮನೆ ಹುಡುಗ ಧರ್ಮಪ್ರಚಾರಕ್ಕೆ ಅಂತ ಮೆಕ್ಸಿಕೋಗೆ ಹೊರಟ ಅಂದಿರಲ್ಲ, ಅದನ್ನ ಹೇಳಿ.

ಮಾರ್ಮನ್ ಪಂಥದವರಲ್ಲಿ ಇದು ವಾಡಿಕೆಯಂತೆ. ಗಂಡುಹುಡುಗರಿಗೆ ಎರಡು ವರ್ಷ, ಹೆಣ್ಣುಮಕ್ಕಳಿಗೆ ಒಂದೂವರೆ. ಸಂಬಳ ಕೇಳಬೇಡಿ, ಖರ್ಚೂ ಮನೆಯವರದ್ದೇ. ಸ್ಪ್ಯಾನಿಷ್ ಸೀಮೆ ಬಿತ್ತು ಅಂದರೆ ಕೆಲವು ವಾರ ಭಾಷೆ ಪಾಠ, ಆಮೇಲೆ ನೇರ ಬೀದಿಗೆ. ಬಿಳಿ ಅಂಗಿ, ಟೈ, ಎದೆ ಮೇಲೆ ಕಪ್ಪು ಹೆಸರುಪಟ್ಟಿ. ಎಲ್ಲಿ ಹೋದರೂ ಜೋಡಿಯಾಗಿಯೇ ಹೋಗಬೇಕು. ಜೊತೆಗಾರನ ಗೊರಕೆ ತಡೆಯಲಾರೆ ಅಂತ ಬೇರೆ ಕೋಣೆ ಹಿಡಿಯೋ ಹಾಗಿಲ್ಲ. ವಾರಕ್ಕೊಂದು ದಿನ ಬಿಡುವು, ಅದೂ ಬಟ್ಟೆ ಒಗೆಯೋದಕ್ಕೆ, ಸಾಮಾನು ತರೋದಕ್ಕೆ, ಮನೆಗೆ ಕಾಗದ ಬರೆಯೋದಕ್ಕೆ. ಮೊದಲೆಲ್ಲ ತಾಯಿಗೆ ಫೋನು ವರ್ಷಕ್ಕೆ ಎರಡೇ ಸಲ. 2019ರಿಂದ ವಾರಕ್ಕೊಮ್ಮೆ ಅಂತ ಸಡಿಲ ಮಾಡಿದ್ದಾರೆ. ನಮ್ಮವರು ಬೆಂಗಳೂರಿನ ಪೀಜಿ ಸೇರಿದ ಮೊದಲ ಶನಿವಾರವೇ ಕೊಳೆಬಟ್ಟೆ ಗಂಟು ಹೊತ್ತುಕೊಂಡು ಅರಕಲಗೂಡು ಬಸ್ಸು ಹತ್ತಿರುತ್ತಾರೆ.

ನನಗೆ ಹಿಡಿಸಿದ್ದು ಅವರ ಮಧ್ಯಾಹ್ನದ ಊಟದ ಏರ್ಪಾಡು. ಮೆಕ್ಸಿಕೋದಂಥ ಕಡೆ ಆ ಪಂಥದ ಮನೆಗಳವರು ಪಾಳಿ ಹಾಕಿಕೊಂಡು ಈ ಹುಡುಗರಿಗೆ ಬಡಿಸುತ್ತಾರೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಇದು ನಮ್ಮ ವಾರಾನ್ನವಲ್ಲದೆ ಮತ್ತೇನು? ವಾರಾನ್ನ ಉಂಡು ಓದಿದ ತಲೆಮಾರಿನವರು ಈ ಸೀಮೆಯಲ್ಲಿ ಎಷ್ಟು ಜನ ಇದ್ದರು! ಪರರ ಮನೆಯಲ್ಲಿ ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣೋದು, ಖಾರ ಅಂತ ಮುಖ ಕಿವುಚದೇ ಇರೋದು, ಇದನ್ನ ಯಾವ ಕಾಲೇಜೂ ಕಲಿಸಲ್ಲ. ಭಾಷೆಯೂ ಅಷ್ಟೇ, ಅಡುಗೆಮನೆ ಬಾಗಿಲಲ್ಲಿ ಬಂದಷ್ಟು ಬೇಗ ಪುಸ್ತಕದಿಂದ ಬರಲ್ಲ.

ಆದರೆ ಇನ್ನೊಂದು ಮಾತು ಕೇಳಿ. ಆ ಪಂಥದವರು ಕಾಫಿ ಕುಡಿಯಲ್ಲ, ಟೀ ಕುಡಿಯಲ್ಲ, ಹೊಗೆಸೊಪ್ಪು ಮುಟ್ಟಲ್ಲ! ಅಂಥ ಇಬ್ಬರು ನಮ್ಮ ತೂಗುಸೇತುವೆ ದಾಟಿಕೊಂಡು ಬಂದರು ಅಂತಿಟ್ಟುಕೊಳ್ಳಿ. ಬಾಯಿ ಬಿಡೋದರೊಳಗೆ ಯಾವೂರು, ಯಾರ ಪೈಕಿ, ಸಂಬಳ ಎಷ್ಟು, ಮದುವೆ ಆಯ್ತಾ ಅಂತ ನಾವೇ ವಿಚಾರಣೆ ಮುಗಿಸಿರುತ್ತೇವೆ. ಆಮೇಲೆ ಕಾಫಿ ಲೋಟ ಮುಂದೆ ಬರುತ್ತೆ. ಬೇಡ ಅಂದರೋ, ಮುಗೀತು ಕಥೆ. ಬೆಳೆ ಹೊಗೆಸೊಪ್ಪು, ಬಾಯಿಗೆ ಕಾಫಿ, ಎರಡನ್ನೂ ಬಿಡಿ ಅನ್ನೋ ದೇವರಿಗೆ ಅರಕಲಗೂಡು ತಾಲ್ಲೂಕಿನಲ್ಲಿ ಒಕ್ಕಲು ಸಿಗೋದು ಕಷ್ಟ.

ನಗಬೇಡಿ, ಇಂಥ ಹುಡುಗರು ನಮ್ಮ ಕಡೆಗೂ ಬಂದವರೇ. ಧಾರವಾಡದ ಕಡೆ ಬಂದ ಕಿಟ್ಟೆಲ್ಲನಿಗೆ 1853ರಲ್ಲಿ ಬರೀ 21 ವರ್ಷ. ಮತಪ್ರಚಾರಕ್ಕೆ ಬಂದವನು ಪದಗಳ ಬೆನ್ನು ಬಿದ್ದು, ನಿಘಂಟು ಹೊರಬರೋ ಹೊತ್ತಿಗೆ, ಅಂದರೆ 1894ಕ್ಕೆ, ಮುದುಕನಾಗಿದ್ದ. ಅವನ ಕಥೆ ಎಲ್ಲರಿಗೂ ಗೊತ್ತು. ನಮ್ಮ ಕಡೆಗೆ ಹತ್ತಿರದವನು ಅಬ್ಬೆ ದುಬ್ವಾ. ಫ್ರಾನ್ಸಿನವನು, 1792ರಲ್ಲಿ ಇಂಡಿಯಾಕ್ಕೆ ಬಂದಾಗ 26ರ ಪ್ರಾಯ. ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ. ನಮ್ಮ ಇದೇ ಹೊಳೆ ನೀರು ಕುಡಿದವನು ಅನ್ನಿ. ಹಾಸನದ ಸೀಮೆಯಲ್ಲಿ ಕ್ರೈಸ್ತ ಒಕ್ಕಲುಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟ. ಗೊರೂರು ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿ ಇಗರ್ಜಿ ಇವನು ಕಟ್ಟಿಸಿದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಅವನು ಹೋದಮೇಲೆ ಬಂದ ಫ್ರೆಂಚ್ ಪಾದ್ರಿಗಳದ್ದು, 1860ರ ಸುಮಾರಿನದು.

ಈ ಆಸಾಮಿ ಟೈ ಕಟ್ಟಲಿಲ್ಲ. ನಮ್ಮ ಹಾಗೆ ನಿಲುವಂಗಿ ತೊಟ್ಟ, ಮುಂಡಾಸು ಸುತ್ತಿದ, ನಮ್ಮವರ ರೀತಿಯಲ್ಲೇ ಬದುಕಿದ. ಜನ ದೊಡ್ಡಸ್ವಾಮಿಯವರು ಅಂತ ಕರೆದರು. ನೋಡಿದ್ದು ಕೇಳಿದ್ದೆಲ್ಲ ಬರೆದಿಟ್ಟ. ಮದುವೆ, ಮುಂಜಿ, ಮೈಲಿಗೆ, ಒಂದನ್ನೂ ಬಿಡಲಿಲ್ಲ. ಕಂಪನಿ ಸರ್ಕಾರ 2,000 ವರಹ ಕೊಟ್ಟು ಹಸ್ತಪ್ರತಿ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಅದರಲ್ಲಿ ಬಹುಪಾಲು ಕೂರ್ದೂ ಅನ್ನೋ ಹಿಂದಿನ ಪಾದ್ರಿಯೊಬ್ಬರ ಬರಹದಿಂದ ಎತ್ತಿದ್ದು ಅಂತ ಈಚೆಗೆ ವಿದ್ವಾಂಸರು ಹಿಡಿದಿದ್ದಾರೆ. ಪುಸ್ತಕದಲ್ಲಿ ನಮ್ಮವರ ಮೇಲೆ ಕಟಕಿಯೂ ಧಾರಾಳ. ರುದ್ರಪಟ್ಟಣದ ಅಗ್ರಹಾರದಲ್ಲಿ ಗಟ್ಟಿಯಾಗಿ ಓದಿದರೆ ಸಂಗೀತ ನಿಲ್ಲಿಸಿ ಜಗಳಕ್ಕೆ ಬರುತ್ತಾರೆ. ಹಾಗಂತ ಓದದೇ ಇರಬೇಡಿ, ಬೈಗುಳದ ನಡುವೆ ನಮ್ಮ ಮುತ್ತಾತಂದಿರ ದಿನಚರಿ ಸಿಗುತ್ತೆ.

ಇಷ್ಟು ವರ್ಷ ಇದ್ದು ಅವನು ಮಾಡಿದ್ದೇನು? ಲೆಕ್ಕ ಅವನದ್ದೇ. ತನ್ನ ಕೈಯಲ್ಲಿ ಮತಕ್ಕೆ ಸೇರಿದವರು ಇನ್ನೂರು ಮುನ್ನೂರರ ಒಳಗೆ, ಅವರಲ್ಲೂ ಹೆಚ್ಚಿನವರು ಏನೂ ಇಲ್ಲದವರು ಅಂತ ಬೇಸತ್ತು ಬರೆದ. ಬಡವರಾದರೆ ಲೆಕ್ಕಕ್ಕಿಲ್ಲವೇನು ಅಂತ ನನಗೆ ಸಿಟ್ಟು ಬಂತು. 1823ರ ಜನವರಿಯಲ್ಲಿ ಹಡಗು ಹತ್ತಿದವನು ತಿರುಗಿ ಈ ಕಡೆ ಬರಲಿಲ್ಲ. ಆದರೆ ಮೈಸೂರು ಸೀಮೆಗೆ ಸಿಡುಬಿನ ಲಸಿಕೆ ಬಂದ ಹೊಸದರಲ್ಲಿ, 1803-04ರಲ್ಲಿ, ಹಳ್ಳಿ ಹಳ್ಳಿ ತಿರುಗಿ ಹೆದರಿದವರನ್ನ ಒಪ್ಪಿಸಿ, ಎಂಟು ತಿಂಗಳಲ್ಲಿ 25,432 ಜನಕ್ಕೆ ಲಸಿಕೆ ಹಾಕಿಸಿದ. ನನ್ನ ಕೇಳಿದರೆ ದೊಡ್ಡಸ್ವಾಮಿಗಳ ಮಿಷನ್ನು ಗೆದ್ದದ್ದು ಅಲ್ಲಿ ಮಾತ್ರ.