ಜಿಪುಣರ ವೈದ್ಯಶಾಸ್ತ್ರ

ನಮ್ಮ ಮೈಸೂರಿನಲ್ಲಿ ನಿವೃತ್ತರಾದ ಗಂಡಸರಿಗೆ ಸಾಮಾನ್ಯವಾಗಿ ಮೂರು ದಾರಿ: ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗು, ಗೀತಾ ಪ್ರವಚನ, ಇಲ್ಲವೇ ಬಡಾವಣೆ ಸಂಘದ ಕಾರ್ಯದರ್ಶಿ ಹುದ್ದೆ. ನಮ್ಮ ಮನೆಯವರು ನಾಲ್ಕನೆಯ ದಾರಿ ಹಿಡಿದರು. ಎಸೆನ್ಷಿಯಲ್ ಆಯಿಲ್ಲು.

ಟಿ.ವಿ. ಸ್ಟ್ಯಾಂಡಿನ ಮೇಲಿದ್ದ ನಮ್ಮ ಮದುವೆ ಫೋಟೋ ಮೂಲೆಗೆ ಸರಿಯಿತು. ಆ ಜಾಗದಲ್ಲಿ ಕಂದು ಬಣ್ಣದ ಪುಟ್ಟ ಸೀಸೆಗಳು ಸಾಲಾಗಿ ನಿಂತವು. ಲ್ಯಾವೆಂಡರ್ ನಿದ್ದೆಗೆ, ಟೀ ಟ್ರೀ ಮೊಡವೆಗೆ, ಪೆಪ್ಪರ್‌ಮಿಂಟ್ ತಲೆನೋವಿಗೆ, ರೋಸ್‌ಮರಿ ಕೂದಲಿಗೆ. ಅವರ ನೆತ್ತಿಯ ಮೇಲೆ ರೋಸ್‌ಮರಿಗೆ ಕೆಲಸ ಮಾಡಲು ಜಾಗವೇನೋ ಬೇಕಾದಷ್ಟಿದೆ. ಜೊತೆಗೊಂದು ಡಿಫ್ಯೂಸರ್ ಬಂತು. ಹಗಲೂ ರಾತ್ರಿ ಹಬೆ ಬಿಡುತ್ತಾ ಕೂತಿತು. ಮನೆಗೆ ಬಂದವರು ಹೊಸ್ತಿಲಲ್ಲೇ ಮೂಗರಳಿಸಿ, ಭಕ್ತಿಯಿಂದ ಚಪ್ಪಲಿ ಬಿಟ್ಟು, “ಪೂಜೆ ಮುಗೀತಾ?” ಎಂದು ಕೇಳುತ್ತಿದ್ದರು. ಪ್ರಸಾದ ಇಲ್ಲವೆಂದು ಗೊತ್ತಾದ ಮೇಲೆ ಬೇಗ ಹೊರಡುತ್ತಿದ್ದರು.

ಪ್ರಸಾದದ ಬದಲು ಉಪನ್ಯಾಸವಿತ್ತು. ಫ್ರಾನ್ಸಿನ ರೆನೆ ಮಾರಿಸ್ ಗಟ್‌ಫೋಸೆ ಎಂಬ ರಸಾಯನ ವಿಜ್ಞಾನಿ 1910ರಲ್ಲಿ ಪ್ರಯೋಗಾಲಯದಲ್ಲಿ ಕೈ ಸುಟ್ಟುಕೊಂಡರು, ಲ್ಯಾವೆಂಡರ್ ಎಣ್ಣೆ ಹಚ್ಚಿಕೊಂಡರು, 1937ರಲ್ಲಿ ಅರೋಮಾಥೆರಪಿ ಎಂದು ಪುಸ್ತಕವನ್ನೇ ಬರೆದರು. ಇಷ್ಟನ್ನು ನಮ್ಮವರು ಕಣ್ಣರಳಿಸಿ ಹೇಳಿ ಮುಗಿಸಿದಾಗ, ಹೂಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆ ತಲೆಯೆತ್ತದೆ ಕೇಳಿದರು: “ಸುಟ್ಟ ಕೈಗೆ ಮೊದಲು ತಣ್ಣೀರು ಬಿಡಬೇಕು ಅಂತ ಆ ಪುಣ್ಯಾತ್ಮನಿಗೆ ಯಾರೂ ಹೇಳ್ಲಿಲ್ವೇನೋ?”

ಅತ್ತೆಯವರೂ ಎಣ್ಣೆಯವರೇ. ಆದರೆ ಅವರದು ಬೇರೆ ಪಂಥ. ಅವರ ಇಡೀ ಔಷಧಾಲಯ ಗಾಡ್ರೇಜ್ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಹಿಂದೆ, ಬೀಗದೊಳಗಿದೆ: ಊಟಿಗೆ ಹೋದವರು ತಂದುಕೊಟ್ಟ ನೀಲಗಿರಿ ಎಣ್ಣೆ, ಹಲ್ಲುನೋವಿನ ಲವಂಗದೆಣ್ಣೆ, ಅವರ ಮದುವೆಯ ಕಾಲದ ಬೆರಳುದ್ದದ ಗಂಧದೆಣ್ಣೆ ಸೀಸೆ. ಬೀಗದ ಕೈ ಸೊಂಟದಲ್ಲಿ. ಯಾರಿಗಾದರೂ ನೆಗಡಿಯಾದರೆ ಕುದಿಯುವ ನೀರಿಗೆ ನೀಲಗಿರಿ ಎಣ್ಣೆ ಒಂದೇ ತೊಟ್ಟು ಬೀಳುತ್ತದೆ. ಇನ್ನೊಂದು ಕೇಳಿದರೆ, “ಊಟಿಗೆ ನೀನು ಹೋಗಿ ತರ್ತೀಯಾ?” ಎದೆಗೆ ತಿಕ್ಕಬೇಕೆಂದರೆ ಅಂಗೈ ತುಂಬ ಕೊಬ್ಬರಿ ಎಣ್ಣೆ, ಅದರಲ್ಲಿ ಮತ್ತೆ ಅದೇ ಒಂದು ತೊಟ್ಟು. ಗಂಧದೆಣ್ಣೆಯಂತೂ ಬೆಂಕಿಕಡ್ಡಿಯ ತುದಿಗೆ ಅಂಟಿದಷ್ಟು, ಅದೂ ಹತ್ತಿರದವರ ಮದುವೆಗೆ ಮಾತ್ರ. ಗೃಹಪ್ರವೇಶಕ್ಕೆಲ್ಲ ಅವರು ಸೀಸೆ ತೆಗೆಯುವವರಲ್ಲ.

ಇದನ್ನು ನಾನು ಇಷ್ಟು ವರ್ಷ ಶುದ್ಧ ಜಿಪುಣತನವೆಂದೇ ತಿಳಿದಿದ್ದೆ. ಈಗಲೂ ಅದು ಜಿಪುಣತನವೇ. ಆದರೆ ಮಗರಾಯರ ಧಾರಾಳ ನೋಡಿದ ಮೇಲೆ, ಜಿಪುಣತನದೊಳಗೆ ಇಡೀ ಒಂದು ವೈದ್ಯಶಾಸ್ತ್ರ ಅಡಗಿದೆಯೆಂದು ಗೊತ್ತಾಯಿತು.

ಕೊಬ್ಬರಿ ಎಣ್ಣೆಯನ್ನೇ ತೆಗೆದುಕೊಳ್ಳಿ. ನೀಲಗಿರಿ ಎಣ್ಣೆ ಬೇಗ ಮುಗಿಯದಿರಲಿ ಎಂದು ಅತ್ತೆ ಬೆರೆಸುತ್ತಾರೆ. ಅರೋಮಾಥೆರಪಿಯ ಪಂಡಿತರೂ ಬೆರೆಸಿಯೇ ಹಚ್ಚಿ ಎನ್ನುತ್ತಾರೆ. ಬೆರೆಸದೆ ಹಾಗೇ ಹಚ್ಚಿದರೆ ಚರ್ಮ ಉರಿದು ಕೆಂಪಾಗುತ್ತದೆ. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಹಲ್ಲುನೋವನ್ನು ಮರಗಟ್ಟಿಸುವುದು ನಿಜ, ಹೆಚ್ಚಾದರೆ ವಸಡನ್ನೇ ಸುಡುವುದೂ ಅಷ್ಟೇ ನಿಜ. ಇನ್ನು ಬೀರುವಿನ ಕತ್ತಲೆ. ಬೆಳಕು, ಗಾಳಿ ತಾಗಿದರೆ ಲ್ಯಾವೆಂಡರ್, ಟೀ ಟ್ರೀ ಎಣ್ಣೆಗಳು ಕೆಟ್ಟು, ಮೈಗೆ ಹಚ್ಚಿದರೆ ಕಡಿತ ತರುತ್ತವೆ. ನಮ್ಮವರ ಸೀಸೆಗಳು ಟಿ.ವಿ. ಸ್ಟ್ಯಾಂಡಿನ ಮೇಲೆ ಕಿಟಕಿಯ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದವು. ಬೀಗವಂತೂ ಎಲ್ಲಕ್ಕಿಂತ ದೊಡ್ಡ ಔಷಧಿ. ಪುಟ್ಟ ಮಗುವೊಂದು ನೀಲಗಿರಿ ಎಣ್ಣೆಯನ್ನು ಒಂದು ಚಮಚ ಕುಡಿದರೂ ಆಸ್ಪತ್ರೆಗೆ ಓಡಬೇಕಾಗುತ್ತದೆ. ನೀಲಗಿರಿ ಎಣ್ಣೆ, ಕರ್ಪೂರ ಇರುವ ಮದ್ದುಗಳನ್ನು ಮೂಸಿ, ಹಚ್ಚಿ, ನುಂಗಿ ಫಿಟ್ಸ್ ಬಂದ ದೊಡ್ಡವರ ಪ್ರಕರಣಗಳನ್ನು ಬೆಂಗಳೂರಿನ ನರರೋಗ ತಜ್ಞರು ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ.

ಪೆಪ್ಪರ್‌ಮಿಂಟಿನ ಗುಟ್ಟು ಇನ್ನೂ ಸ್ವಾರಸ್ಯ. ಅದರ ಮೆಂಥಾಲ್ ಕಟ್ಟಿದ ಮೂಗನ್ನು ಬಿಡಿಸುವುದೇ ಇಲ್ಲವಂತೆ. ತಂಪನ್ನು ಗುರುತಿಸುವ ನರಗಳನ್ನು ಕೆಣಕಿ, ಉಸಿರು ಸಲೀಸಾಗಿ ಆಡುತ್ತಿದೆ ಎಂದು ನಂಬಿಸುತ್ತದೆ, ಅಷ್ಟೆ. ನಂಬುವ ಮೂಗಿಗೆ ಒಂದು ತೊಟ್ಟು ಸಾಕು. ನಂಬದ ಮೂಗಿಗೆ ಸೀಸೆಯನ್ನೇ ಬಗ್ಗಿಸಿದರೂ ಅಷ್ಟೇ.

ಅಗ್ಗವಾಗಿ ಸಿಕ್ಕಿದ್ದನ್ನು ಅತ್ತೆ ನಂಬುವುದಿಲ್ಲ. ನಮ್ಮವರು ಇನ್ನೂರು ರೂಪಾಯಿಗೆ ಹತ್ತು ಮಿಲಿ “ಅಪ್ಪಟ” ಗುಲಾಬಿ ಎಣ್ಣೆ ತಂದಾಗ ಲೆಕ್ಕ ಹಾಕಿದ್ದು ನಾನು. ಒಂದು ಕೆಜಿ ಗುಲಾಬಿ ಎಣ್ಣೆ ಇಳಿಸಲು ಮೂರು ನಾಲ್ಕು ಟನ್ ಹೂ ಬೇಕು. ಅಂದರೆ ಆ ಸೀಸೆಯೊಳಗೆ ಹತ್ತಿರ ಹತ್ತಿರ ಮೂವತ್ತು ಕೆಜಿ ಹೂವಿರಬೇಕು. “ಇನ್ನೂರು ರೂಪಾಯಿಗೆ ಮೂವತ್ತು ಕೆಜಿ ಗುಲಾಬಿ ಕೊಡೋ ಹೂವಾಡಗಿತ್ತಿ ದೇವರಾಜ ಮಾರ್ಕೆಟ್ಟಲ್ಲಿ ಯಾವ ಮೂಲೇಲಿ ಕೂತಿದಾಳೆ ಹೇಳ್ರೀ, ವರಮಹಾಲಕ್ಷ್ಮಿ ಹಬ್ಬಕ್ಕೆ ನಾನೂ ಹೋಗ್ತೀನಿ” ಎಂದೆ. ಅವರು ಡಿಫ್ಯೂಸರಿಗೆ ನೀರು ತುಂಬಲು ಎದ್ದು ಹೋದರು.

ಗಂಧದೆಣ್ಣೆಯ ವಿಷಯದಲ್ಲಿ ಮೈಸೂರಿನವರಿಗೆ ಇಂಥ ಪಾಠ ಬೇಕಿಲ್ಲ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಬೇಕಿದ್ದ ಗಂಧದ ಕೊರಡು ಇಲ್ಲೇ ರಾಶಿ ಬಿದ್ದಾಗ, ನಾಲ್ವಡಿಯವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಸಂಸ್ಥಾನವೇ ಎಣ್ಣೆ ತೆಗೆಯಲು ಕೈಹಾಕಿತು. ಮರ ಚೇಗು ಕಟ್ಟಲು ದಶಕಗಳು ಬೇಕು. ನೂರು ಕೆಜಿ ಚೇಗನ್ನು ಪುಡಿಮಾಡಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿದರೆ ಸಿಗುವ ಎಣ್ಣೆ ನಾಲ್ಕೈದು ಕೆಜಿ. ಮೇಲಾಗಿ ಗಂಧದ ಮರ ಪಕ್ಕದ ಗಿಡಗಳ ಬೇರಿಗೆ ಬೇರು ತಾಗಿಸಿ ಆಹಾರ ಎಳೆದುಕೊಳ್ಳುವ ಜಾತಿ. ಇದನ್ನು ಅತ್ತೆಗೆ ಹೇಳಿದೆ. “ಮರಾನೇ ಕಡ ತಂದು ಬದುಕಿದೆ. ಕಡದ ಸಾಮಾನನ್ನ ಚೆಲ್ಲಾಡ್ತಾರಾ ಯಾರಾದರೂ?” ಎಂದರು.

ಮನೆ ಶುಚಿಯ ಪ್ರಯೋಗಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನೆಲ ಒರೆಸುವ ನೀರಿಗೆ ಲೆಮನ್‌ಗ್ರಾಸ್ ಎಣ್ಣೆ ಬಿದ್ದ ದಿನ ಅಡುಗೆಮನೆಯ ಇರುವೆಗಳು ಸಂಸಾರ ಸಮೇತ ದೇವರಮನೆಗೆ ಬಂದವು. ಸಿಟ್ರೊನೆಲ್ಲಾಕ್ಕೆ ಹೆದರಿ ಹೊರಗೆ ಹೋದ ಸೊಳ್ಳೆಗಳು ಧಾರಾವಾಹಿ ಮುಗಿಯುವುದರೊಳಗೆ ವಾಪಸಾದವು. ಶಾಶ್ವತವಾಗಿ ಮನೆ ಬಿಟ್ಟಿದ್ದು ಎದುರುಮನೆಯ ಬೆಕ್ಕು ಮಾತ್ರ. ದಿನವೂ ಅತ್ತೆಯ ಕೈಯಿಂದ ಹಾಲು ಕುಡಿಯುತ್ತಿದ್ದ ಬೆಕ್ಕದು. ಇಂಥ ಎಣ್ಣೆಗಳಲ್ಲಿ ಎಷ್ಟನ್ನೋ ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲವೆಂದು ಪಶುವೈದ್ಯರು ಹೇಳಿದ್ದೇ ತಡ, ಅತ್ತೆ ಎದ್ದರು. ಡಿಫ್ಯೂಸರ್ ಅಟ್ಟ ಸೇರಿತು. ಕಂದು ಸೀಸೆಗಳೆಲ್ಲ ರೇಷ್ಮೆ ಸೀರೆಗಳ ಹಿಂದೆ ಹೋದವು.

ಈಗ ನಮ್ಮವರು ತಲೆನೋವು ಬಂದರೆ ಅಮ್ಮನ ಮುಂದೆ ಅಂಗೈ ಚಾಚಿ ನಿಲ್ಲುತ್ತಾರೆ. ಅಂಗೈಗೆ ಕೊಬ್ಬರಿ ಎಣ್ಣೆ, ಅದರ ಮೇಲೆ ಪೆಪ್ಪರ್‌ಮಿಂಟ್ ಒಂದು ತೊಟ್ಟು. ಮೊನ್ನೆ ಧೈರ್ಯ ಮಾಡಿ, “ಅಮ್ಮ, ಲೇಬಲ್ ಮೇಲೆ ನಾಲ್ಕೈದು ಹನಿ ಅಂತ ಬರೆದಿದಾರೆ” ಎಂದರು.

ಅತ್ತೆ ಬೀರುವಿಗೆ ಬೀಗ ಹಾಕುತ್ತಾ ಹೇಳಿದರು: “ಬರೆದೋನು ಮಾರೋನು ಕಣೋ.”